ಕೀಲಿಯ ಗಡಿಯಾರ, ಹರಳಿನ ಗಡಿಯಾರ

ಸ್ವಿಟ್ಜರ್ಲೆಂಡಿನ ಕೈಗಡಿಯಾರಗಳಲ್ಲಿ ಮುಖ್ಯವಾಗಿ ಎರಡು ಬಗೆ: ಸ್ಪ್ರಿಂಗಿನ ಬಲದಿಂದ ನಡೆಯುವ ಯಾಂತ್ರಿಕ ಗಡಿಯಾರ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ.

ಕೀಲಿ ಕೊಟ್ಟಾಗ ಬಿಗಿಯಾಗುವ ಸ್ಪ್ರಿಂಗ್ ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಆಟೊಮ್ಯಾಟಿಕ್ ಗಡಿಯಾರದಲ್ಲಿ ಕೈಯ ಚಲನೆಯೇ ಅದನ್ನು ಸುತ್ತುತ್ತದೆ. ಶಕ್ತಿ ಒಮ್ಮೆಲೇ ಖರ್ಚಾಗದಂತೆ ತಡೆದು, ಚಕ್ರವನ್ನು ಒಂದೊಂದೇ ಹಲ್ಲು ಮುಂದಕ್ಕೆ ಬಿಡುವ ಭಾಗ ಎಸ್ಕೇಪ್‌ಮೆಂಟ್. ಟಿಕ್ ಟಿಕ್ ಸದ್ದು ಹುಟ್ಟುವುದು ಇಲ್ಲೇ. ಅದರ ಲಯವನ್ನು ನಿರ್ಧರಿಸುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಇಂದಿನ ಅನೇಕ ಗಡಿಯಾರಗಳಲ್ಲಿ ಅದು ಗಂಟೆಗೆ 28,800 ಸಲ ತೂಗುತ್ತದೆ.

ಕ್ವಾರ್ಟ್ಜ್ ಗಡಿಯಾರದಲ್ಲಿ ಲಯ ನಿರ್ಧರಿಸುವ ಕೆಲಸ ಪುಟ್ಟ ಹರಳಿನದು. ವಿದ್ಯುತ್ ಹರಿದಾಗ ಅದು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ ಆ ಸಂಖ್ಯೆಯನ್ನು 15 ಬಾರಿ ಅರ್ಧ ಮಾಡಿ, ಸೆಕೆಂಡಿಗೆ ಒಂದೇ ಮಿಡಿತಕ್ಕೆ ಇಳಿಸುತ್ತದೆ. ಪ್ರತಿ ಮಿಡಿತಕ್ಕೂ ಸಣ್ಣ ಮೋಟಾರು ಮುಳ್ಳನ್ನು ಸರಿಸುತ್ತದೆ. ಒಳ್ಳೆಯ ಯಾಂತ್ರಿಕ ಗಡಿಯಾರವೂ ದಿನಕ್ಕೆ ಕೆಲವು ಸೆಕೆಂಡು ತಪ್ಪಬಹುದು. ಕ್ವಾರ್ಟ್ಜ್ ಅಷ್ಟು ತಪ್ಪಲು ವಾರಗಳೇ ಬೇಕು.

ಸ್ವಿಸ್ ತಂತ್ರಜ್ಞರು 1967ರಲ್ಲೇ ನೂಷಾಟೆಲ್‌ನಲ್ಲಿ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ತಯಾರಿಸಿದ್ದರು. ಆದರೆ 1969ರಲ್ಲಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೀಕೊ ಕಂಪನಿ. ಮುಂದೆ ಅಗ್ಗದ ಕ್ವಾರ್ಟ್ಜ್ ಎದುರು ಸ್ವಿಸ್ ಉದ್ಯಮ ಕುಸಿದು, ಸಾವಿರಾರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡರು. 1983ರಲ್ಲಿ ಬಂದ, 51 ಬಿಡಿಭಾಗಗಳ ಪ್ಲಾಸ್ಟಿಕ್ ಸ್ವಾಚ್ ಗಡಿಯಾರವು ಉದ್ಯಮದ ಚೇತರಿಕೆಗೆ ನೆರವಾಯಿತು. ಯಾಂತ್ರಿಕ ಗಡಿಯಾರಗಳು ಕುಶಲಕಲೆಯ ದುಬಾರಿ ವಸ್ತುಗಳಾಗಿ ಮತ್ತೆ ಮನ್ನಣೆ ಪಡೆದವು.