ಸುರಂಗ ಹುಡುಕಿದರೆ ರೈಲು ಯಾಕೆ ಬರ್ತದೆ?

ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳನ್ನು ನೀವು ನೋಡಿರಬಹುದು. ಪಂಪು ಬೇಡ, ಕರೆಂಟು ಬೇಡ; ಇಳಿಜಾರಿನಲ್ಲಿ ನೀರು ತಾನಾಗಿ ಹರಿದು ಬರ್ತದೆ. ಇದರ ಬಗ್ಗೆ ಶಾಲೆಯ ವೆಬ್‌ಸೈಟಿಗೆ ಲೇಖನ ಬರೆದಿರಿ ಎನ್ನೋಣ. ಗೂಗಲಿಗೆ ಅದು ಸಿಗುವುದು ಹೇಗೆ?

ನೀವು ಕೇಳಿದಾಗಲೆಲ್ಲ ಗೂಗಲ್ ಇಡೀ ಅಂತರ್ಜಾಲವನ್ನು ಜಾಲಾಡುವುದಿಲ್ಲ. ಯಾವ ಪದ ಯಾವ ಪುಟದಲ್ಲಿದೆ ಎಂದು ಮೊದಲೇ ಓದಿ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಬರೆದಿಟ್ಟುಕೊಂಡಿರುತ್ತದೆ. ಬರೀ ‘ಸುರಂಗ’ ಎಂದರೆ ಕೊಂಕಣ ರೈಲಿನ ಸುರಂಗವೂ ಅದೇ ಸಾಲಿನಲ್ಲಿ ಬಂದು ನಿಲ್ಲುತ್ತದೆ. ‘ಕಾಸರಗೋಡಿನ ನೀರಿನ ಸುರಂಗ’ ಎಂದು ತಲೆಬರಹ ಕೊಡಿ. ಓದುವವರಿಗೂ ಸ್ಪಷ್ಟ, ಯಂತ್ರಕ್ಕೂ ಸುಲಭ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ; ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ! ಹುಡುಕುವವರು ‘ಕ’ ಒತ್ತಿದರೆ ಅಲ್ಲಿ ‘ಕ’ವೇ ಇಲ್ಲ. ಯೂನಿಕೋಡಿನಲ್ಲಿ ‘ಕ’ಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ, ಅದು ಬೇರೆ ಯಾವ ಅಕ್ಷರಕ್ಕೂ ಇಲ್ಲ. ಹಾಗಾಗಿ ಯೂನಿಕೋಡಿನಲ್ಲೇ ಟೈಪ್ ಮಾಡಿ. ಬರಹವನ್ನು ಪೋಸ್ಟರಿನ ಚಿತ್ರ ಮಾಡಿ ಹಾಕಬೇಡಿ.

ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ಮೇಲೆ ಬರ್ತದೆ ಅಂತ ಕೆಲವರ ಲೆಕ್ಕ. ಗೂಗಲಿನ ನಿಯಮದಲ್ಲಿ ಅದು ಮೋಸ; ಓದುವವರಿಗಂತೂ ಹಿಂಸೆ. ಅದರ ಬದಲು ಬೇರೆಲ್ಲೂ ಇಲ್ಲದ್ದನ್ನು ಬರೆಯಿರಿ. ಕೊಳವೆಬಾವಿ ಬಂದ ಮೇಲೆ ಸುರಂಗ ತೋಡುವವರು ಕಡಿಮೆಯಾಗಿದ್ದಾರೆ. ನಿಮ್ಮ ಮನೆಯ ಸುರಂಗ ಎಷ್ಟು ಕೋಲು ಉದ್ದ, ಮೇ ತಿಂಗಳಲ್ಲಿ ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕು, ಅಜ್ಜನ ಹತ್ತಿರ ಈಗಲೇ ಕೇಳಿ ಬರೆದಿಡಿ.