ಮುಚ್ಚಿದ ಮುಷ್ಟಿಯ ಆಟ: ಗಣಕಯಂತ್ರದಲ್ಲಿ ಏಕಕಾಲದ ನಡೆ

ಗುಡಿಯ ಹಾಸುಗಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನೆಳೆದು ಆಡಿದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿರಬಹುದು. ಅಲ್ಲಿ ಕುರಿಯವನ ನಡೆಯನ್ನು ಕಣ್ಣಾರೆ ಕಂಡ ಮೇಲೆಯೇ ಹುಲಿಯವನು ತನ್ನ ಕಾಯನ್ನು ಸರಿಸುತ್ತಾನೆ. ಚದುರಂಗವೂ ಹಾಗೆಯೇ. ಆದರೆ ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿ 'ಸರಿಯೋ ಬೆಸವೋ' ಎಂದು ಕೇಳುವ ಆಟದ ರೀತಿಯೇ ಬೇರೆ. ಹಿಡಿದವನ ನಿರ್ಧಾರವೂ ಹೇಳುವವನ ಊಹೆಯೂ ಒಂದನ್ನೊಂದು ಕಾಣುವಂತಿಲ್ಲ. ಮುಷ್ಟಿ ಬಿಚ್ಚಿದಾಗಲೇ ಅವು ಎದುರಾಗುವುದು. ಇಂದು ಅಂತರ್ಜಾಲದ ಬ್ರೌಸರಿನಲ್ಲಿ ಹಲವರು ಕೂಡಿ ಆಡುವ ಕೆಲವು ಸರಳ ಯುದ್ಧತಂತ್ರದ ಆಟಗಳು ಈ ಮುಚ್ಚಿದ ಮುಷ್ಟಿಯ ವಂಶಕ್ಕೆ ಸೇರಿದವು.

ಇವುಗಳ ಪೈಕಿ ಹಿರಿಯದು 'ಡಿಪ್ಲೊಮಸಿ'. ಅಮೆರಿಕದ ಅಲನ್ ಕ್ಯಾಲಮರ್ ಎಂಬವರು ರೂಪಿಸಿ 1959ರಲ್ಲಿ ಹೊರತಂದ ಈ ಆಟದಲ್ಲಿ ದಾಳವಿಲ್ಲ, ಅದೃಷ್ಟಕ್ಕೆ ಎಡೆಯಿಲ್ಲ. ಏಳು ಮಂದಿ ಆಟಗಾರರು ಮೊದಲು ಪರಸ್ಪರ ಸಂಧಾನ ನಡೆಸಿ, ಬಳಿಕ ಆಜ್ಞೆಗಳನ್ನು ಗುಟ್ಟಾಗಿ ಬರೆದಿಡುತ್ತಾರೆ. ಎಲ್ಲರ ಚೀಟಿಗಳೂ ಒಟ್ಟಿಗೆ ಬಿಚ್ಚಲ್ಪಡುತ್ತವೆ. 1960ರ ದಶಕದಲ್ಲಿ ಇದನ್ನು ಅಂಚೆಯ ಮೂಲಕವೂ ಆಡತೊಡಗಿದರು; ಮುಂದೆ ಅದು ಬ್ರೌಸರಿಗೆ ಬಂದಿತು.

ನಮ್ಮ ಸೀಮೆಯ ಕೋಟೆಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪಾವಗಡ, ಮಡಕಶಿರಾ, ಪೆನುಕೊಂಡ ಈ ಮೂರರಲ್ಲಿ ಒಬ್ಬೊಬ್ಬ ಆಟಗಾರ, ಒಂದೊಂದು ಪಡೆ. ನಡುವೆ ನಮ್ಮ ಪರಿಗಿ ಬರಿದಾಗಿದೆ. ಪಾವಗಡದವನೂ ಮಡಕಶಿರದವನೂ 'ಪರಿಗಿಗೆ ನಡೆ' ಎಂದು ಬರೆದರೆ ಬಲ ಸಮವಾದ್ದರಿಂದ ಇಬ್ಬರೂ ಇದ್ದಲ್ಲೇ ಉಳಿಯುತ್ತಾರೆ. ಪೆನುಕೊಂಡದವನು ಕದಲದೆ ಪಾವಗಡಕ್ಕೆ ಬೆಂಬಲವೆಂದು ಬರೆದರೆ ಎರಡರ ಬಲ ಒಂದನ್ನು ಮೀರಿ ಪರಿಗಿ ಪಾವಗಡದವನ ಪಾಲಾಗುತ್ತದೆ. ಆದರೆ ಪೆನುಕೊಂಡದವನು ಇಬ್ಬರಿಗೂ ಮಾತು ಕೊಟ್ಟಿದ್ದರೆ? ಚೀಟಿ ಬಿಚ್ಚುವ ತನಕ ತಿಳಿಯದು. ನನ್ನ ಅಭಿಪ್ರಾಯದಲ್ಲಿ ಆಟದ ಸ್ವಾರಸ್ಯವೆಲ್ಲ ಇಲ್ಲಿಯೇ ಇದೆ; ಗೆಳೆತನಗಳು ಮುನಿಸಿಗೆ ತಿರುಗುವುದೂ ಇಲ್ಲಿಯೇ!

ಬ್ರೌಸರಿಗೆ ಈ ಕ್ರಮ ಬಹಳ ಒಗ್ಗುತ್ತದೆ. ಬ್ರೌಸರು ಕೇಳುವುದು, ಸರ್ವರು ಉತ್ತರಿಸುವುದು ಜಾಲದ ಮೂಲ ಪದ್ಧತಿ. ಆಟಗಾರನು ಪುಟ ತೆರೆದು ಆಜ್ಞೆ ಸಲ್ಲಿಸಿ ಹೊರಟುಬಿಡಬಹುದು. ಸರ್ವರು ಅವುಗಳನ್ನು ಕಾದಿರಿಸಿಕೊಂಡು, ಎಲ್ಲರೂ ಸಲ್ಲಿಸಿದಾಗ ಅಥವಾ ಗಡುವು ಮುಗಿದಾಗ ಒಮ್ಮೆಲೇ ಲೆಕ್ಕ ಹಾಕಿ ಹೊಸ ನಕ್ಷೆಯನ್ನು ತೋರಿಸುತ್ತದೆ. ಆದುದರಿಂದ ಪರಿಗಿಯಲ್ಲಿರುವ ತಮ್ಮನೂ ದೂರದೇಶದಲ್ಲಿರುವ ಅಣ್ಣನೂ ಒಂದೇ ಹೊತ್ತಿಗೆ ಎಚ್ಚರವಾಗಿರಬೇಕಿಲ್ಲ. ಗಡುವಿನೊಳಗೆ ಆಜ್ಞೆ ಬಾರದಿದ್ದರೆ ಆ ಪಡೆ ಇದ್ದಲ್ಲೇ ನಿಂತಿತೆಂದು ಎಣಿಸುವುದು ವಾಡಿಕೆ. ಆದರೆ ಗುಟ್ಟು ಕಾಯುವ ಸರ್ವರು ನಂಬಿಕೆಗೆ ಅರ್ಹವಾಗಿರಬೇಕು. ಒಬ್ಬನ ಆಜ್ಞೆ ಇನ್ನೊಬ್ಬನಿಗೆ ಮುಂಚಿತವಾಗಿ ಕಂಡರೆ ಮುಷ್ಟಿಯ ಸಂದಿಯಿಂದ ಬೀಜ ಎಣಿಸಿದಂತೆಯೇ ಸರಿ.

ಇಂಥ ಆಟಗಳ ಗಣಿತವನ್ನು ಜಾನ್ ಫಾನ್ ನಾಯ್ಮನ್ 1928ರಲ್ಲಿಯೇ ವಿವೇಚಿಸಿದ್ದರು. ಸರಿ-ಬೆಸದಲ್ಲಿ ಸದಾ ಸರಿಯನ್ನೇ ಹಿಡಿಯುವವನನ್ನು ಎದುರಾಳಿ ಬೇಗ ಅರಿಯುತ್ತಾನೆ. ಎರಡನ್ನೂ ಸಮಪಾಲಾಗಿ, ಯಾವ ಕ್ರಮಕ್ಕೂ ಸಿಕ್ಕದಂತೆ ಬೆರೆಸುವವನನ್ನು ಊಹಿಸುವ ದಾರಿಯಿಲ್ಲ.

ಮೇಲಿನ ಮೂರು ಕೋಟೆಗಳ ಆಟಕ್ಕೆ ಇನ್ನೂ ನಾಲ್ಕಾರು ಊರುಗಳನ್ನು ಸೇರಿಸಿ ನಮ್ಮ ಪ್ರೌಢಶಾಲೆಯ ಮಕ್ಕಳು ಹಾಳೆ, ಚೀಟಿಗಳೊಡನೆ ಒಮ್ಮೆ ಆಡಿ ನೋಡಬಹುದು. ನಿಯಮಗಳು ಕೈಗೆ ಹತ್ತಿದ ಮೇಲೆ ಗಣಕಯಂತ್ರಕ್ಕೆ ಅಳವಡಿಸುವುದು ಅಷ್ಟೇನೂ ಕಷ್ಟವಲ್ಲ.