ತಾಯಿಯ ಹೆಸರಿನ ಕಾಲಂ

ಗುಜರಾತಿನ ಆಣಂದ್ ಎಂದರೆ ಮೊದಲು ನೆನಪಾಗುವುದು ಅಮುಲ್. ಈ ಶತಮಾನದ ಮೊದಲ ದಶಕದಲ್ಲಿ ಆ ಹಾಲಿನ ಊರಿಗೆ ಇನ್ನೊಂದು ಹೆಸರೂ ಬಂತು. 2004ರಲ್ಲಿ ಅಲ್ಲಿನ ಡಾ. ನಯನಾ ಪಟೇಲ್ ಅವರ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರು ಬ್ರಿಟನ್ನಿನಲ್ಲಿದ್ದ ಸ್ವಂತ ಮಗಳಿಗಾಗಿ ಅವಳಿ ಮಕ್ಕಳನ್ನು ಹೊತ್ತು ಹೆತ್ತುಕೊಟ್ಟರು. ಅಜ್ಜಿಯ ಹೊಟ್ಟೆಯಲ್ಲಿ ಮೊಮ್ಮಕ್ಕಳು! ಸುದ್ದಿ ಹಬ್ಬಿದ್ದೇ ತಡ, ದೂರದ ದೇಶಗಳ ದಂಪತಿಗಳು ಆಣಂದಿನ ದಾರಿ ಹಿಡಿದರು.

ಹಾಗೆ ಬಂದವರಲ್ಲಿ ಜಪಾನಿನ ಗಂಡ ಹೆಂಡತಿಯೂ ಇದ್ದರು. ಗಂಡನ ವೀರ್ಯ, ಗುರುತು ಹೇಳದ ದಾನಿಯೊಬ್ಬಳ ಅಂಡಾಣು, ಆಣಂದಿನ ಮಹಿಳೆಯ ಗರ್ಭ. ಒಪ್ಪಂದಕ್ಕೆ ಸಹಿ ಬಿತ್ತು, ಗರ್ಭ ನಿಂತಿತು. ಹೆರಿಗೆಗೆ ಮೊದಲೇ ಜಪಾನಿನಲ್ಲಿ ಗಂಡ ಹೆಂಡತಿ ಬೇರೆಯಾದರು. 2008ರ ಜುಲೈ 25ರಂದು ಹೆಣ್ಣುಮಗು ಹುಟ್ಟಿತು. ಮರುದಿನ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ. ಗುಜರಾತಿನ ಪರಿಸ್ಥಿತಿ ಕೆಟ್ಟಿದ್ದರಿಂದ ಮಗುವನ್ನು ಜೈಪುರದ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಹೆಂಗಸೊಬ್ಬಳು ಅದಕ್ಕೆ ಎದೆಹಾಲು ಕುಡಿಸಿದಳು. ಈ ಸಂಗತಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಒಂದು ಸಾಲಾಗಿ ದಾಖಲಾಗಿದೆ, ಆಕೆಯ ಹೆಸರಿಲ್ಲದೆ.

ಬಯಸಿದವಳು, ಅಂಡಾಣು ಕೊಟ್ಟವಳು, ಹೆತ್ತವಳು, ಹಾಲು ಕೊಟ್ಟವಳು. ಲೆಕ್ಕಕ್ಕೆ ನಾಲ್ವರು. ಆದರೆ ಪಾಸ್‌ಪೋರ್ಟ್ ಅರ್ಜಿಯ ತಾಯಿಯ ಕಾಲಮ್ಮಿಗೆ ಬರೆಯಲು ಒಂದು ಹೆಸರೂ ಸಿಗಲಿಲ್ಲ. ವಿಚ್ಛೇದಿತೆ ತನಗೂ ಮಗುವಿಗೂ ಸಂಬಂಧವಿಲ್ಲ ಎಂದಿದ್ದಳು. ಹೆತ್ತವಳ ಹೊಣೆ ಒಪ್ಪಂದದ ಪ್ರಕಾರ ಹೆರಿಗೆಯೊಂದಿಗೇ ಮುಗಿದಿತ್ತು. ತಂದೆಗೆ ಮಗು ಬೇಕಿತ್ತು, ಆದರೆ ಅವನ ವೀಸಾ ಮುಗಿಯಿತು. ಅವನ ತಾಯಿ ಜಪಾನಿನಿಂದ ಬಂದು ಮೊಮ್ಮಗಳ ಪಕ್ಕದಲ್ಲಿ ಕೂತರು. ಸುಪ್ರೀಂ ಕೋರ್ಟು ಸೆಪ್ಟೆಂಬರಿನಲ್ಲಿ ಅರ್ಜಿಯನ್ನು ಇತ್ಯರ್ಥ ಮಾಡಿದ ಮೇಲೆ ಮಗುವಿಗೆ ಗುರುತಿನ ಪತ್ರವೊಂದು ದೊರೆಯಿತು. ಅದರಲ್ಲಿ ರಾಷ್ಟ್ರೀಯತೆಯೂ ಇರಲಿಲ್ಲ, ತಾಯಿಯ ಹೆಸರೂ ಇರಲಿಲ್ಲ. ಜಪಾನು ಮಾನವೀಯ ನೆಲೆಯಲ್ಲಿ ವೀಸಾ ಕೊಟ್ಟಿತು. ನವೆಂಬರಿನಲ್ಲಿ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ವಿಮಾನ ಹತ್ತಿದರು.

ಕನ್ನಡದಲ್ಲಿ ‘ಹೆತ್ತವರು’ ಎಂದರೆ ಅಪ್ಪನೂ ಸೇರುತ್ತಾನೆ, ಅವನಿಗೆ ಒಂದು ಗಳಿಗೆಯೂ ನೋವು ಬಂದಿರದಿದ್ದರೂ. ಅಂಥ ಧಾರಾಳದ ಭಾಷೆ ಬೇರೆಯವರಿಗಾಗಿ ಹೆರುವ ಹೆಂಗಸಿಗೆ ಮಾತ್ರ ‘ಬಾಡಿಗೆ ತಾಯಿ’ ಎಂಬ ಹೆಸರಿಟ್ಟು, ಬಾಡಿಗೆ ಮನೆ, ಬಾಡಿಗೆ ಸೈಕಲ್ಲುಗಳ ಸಾಲಿನಲ್ಲಿ ನಿಲ್ಲಿಸಿತು. ಪುರಾಣ ಇನ್ನೂ ನಯವಾಗಿತ್ತು: ದೇವಕಿಯ ಗರ್ಭದಿಂದ ರೋಹಿಣಿಯ ಗರ್ಭಕ್ಕೆ ಸಾಗಿದ ಬಲರಾಮನ ಕಥೆಯಲ್ಲಿ ಬಾಡಿಗೆಯ ಮಾತಿಲ್ಲ.

ಮನೆ ಖಾಲಿ ಮಾಡಿದಂತೆ ಗರ್ಭ ಖಾಲಿಯಾಗುವುದೂ ಇಲ್ಲ. ಹೆರಿಗೆಯಾಗಿ ಮಾಸು ಬಿದ್ದೊಡನೆ ದೇಹದಲ್ಲಿ ಪ್ರೊಜೆಸ್ಟರಾನ್ ಇಳಿಯುತ್ತದೆ. ಎರಡು ಮೂರು ದಿನದಲ್ಲಿ ಎದೆ ಕಟ್ಟುತ್ತದೆ, ಹಾಲು ಸೋರಿ ರವಿಕೆ ಒದ್ದೆಯಾಗುತ್ತದೆ. ಆ ಹೊತ್ತಿಗೆ ಮಗು ಬೇರೆಯವರ ಕೈಯಲ್ಲಿ. ಹಾಲು ಬತ್ತಿಸಲು ಮಾತ್ರೆಯಿದೆ. ಇನ್ನೊಂದನ್ನು ಬತ್ತಿಸುವ ಮಾತ್ರೆಯಿಲ್ಲ: ಗರ್ಭದಲ್ಲಿದ್ದಾಗ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ. ಗಂಡುಮಗು ಹೆತ್ತ 27 ವರ್ಷಗಳ ಮೇಲೂ ಅಂಥ ಕೋಶಗಳು ತಾಯಿಯ ರಕ್ತದಲ್ಲಿ ಉಳಿದಿದ್ದನ್ನು 1996ರಲ್ಲಿ ವಿಜ್ಞಾನಿಗಳು ತೋರಿಸಿದರು.

ಹಾಗೆಂದು ಹೆತ್ತವಳು ಮಗುವಿಗಾಗಿ ಹಂಬಲಿಸಿ ಕೊರಗಿಯೇ ಕೊರಗುತ್ತಾಳೆ ಎಂದು ಸಿನಿಮಾ ಮಾಡಹೊರಟರೆ ಸಂಶೋಧನೆ ಅಡ್ಡ ಬರುತ್ತದೆ. ಮುಂಬೈಯಲ್ಲಿ 50 ಬಾಡಿಗೆ ತಾಯಂದಿರನ್ನು 70 ಸಾಮಾನ್ಯ ಗರ್ಭಿಣಿಯರ ಜೊತೆ ಹೋಲಿಸಿದ ಅಧ್ಯಯನವೊಂದಿದೆ. ಹೊಟ್ಟೆಯ ಮಗುವಿನೊಂದಿಗೆ ಬಾಡಿಗೆ ತಾಯಂದಿರ ಬಾಂಧವ್ಯ ಕಡಿಮೆಯೇ ಇತ್ತು, ಆದರೆ ಊಟತಿಂಡಿಯ ಎಚ್ಚರ ಹೆಚ್ಚಿತ್ತು. ಖಿನ್ನತೆಯೂ ಹೆಚ್ಚಿತ್ತು, ಹೆರಿಗೆಗೆ ಮುಂಚೆಯೂ ಆಮೇಲೂ. ಹೆರಿಗೆಯ ಬಳಿಕದ ಖಿನ್ನತೆಗೆ ಸಂಬಂಧವಿದ್ದದ್ದು ಗುಟ್ಟು ಮುಚ್ಚಿಡಬೇಕಾದ ಒತ್ತಡ, ಜನರ ಚುಚ್ಚುಮಾತು, ಆಸರೆಯ ಕೊರತೆ ಇವುಗಳೊಂದಿಗೆ. ಕೊರಳಿಗೆ ಬಿಗಿದದ್ದು ಮಗುವಿನ ಅಗಲಿಕೆಗಿಂತ ಬೀದಿಯ ಬಾಯಿ ಎನ್ನಬೇಕು.

ಆಣಂದಿನ ಹಾಸ್ಟೆಲುಗಳಲ್ಲಿ ಬಾಡಿಗೆ ತಾಯಂದಿರ ನಡುವೆ ಸಂಶೋಧನೆ ನಡೆಸಿ 2014ರಲ್ಲಿ ಪುಸ್ತಕ ಬರೆದ ಸಮಾಜಶಾಸ್ತ್ರಜ್ಞೆ ಅಮೃತಾ ಪಾಂಡೆಯವರಿಗೆ ಬೇರೊಂದು ತರ್ಕ ಕೇಳಿಸಿತ್ತು. ಅಂಡಾಣು ಯಾರದಾದರೇನು, ಮಗು ಬೆಳೆದದ್ದು ನನ್ನ ರಕ್ತದಲ್ಲಿ, ನನ್ನ ಬೆವರಿನಲ್ಲಿ ಎಂಬುದು ಆ ಹೆಂಗಸರ ವಾದ. ಒಪ್ಪಂದದ ಪತ್ರಕ್ಕೆ ಸಹಿ ಹಾಕಿದ ಕೈಯೇ ಹೀಗೂ ಹಕ್ಕು ಸಾಧಿಸುತ್ತಿತ್ತು.

2012ರಲ್ಲಿ ಭಾರತ ಬಾಡಿಗೆ ತಾಯಿಯನ್ನು ಅರಸಿ ಬರುವ ವಿದೇಶಿಯರ ವೀಸಾ ನಿಯಮ ಬಿಗಿಗೊಳಿಸಿ, ಮದುವೆಯಾಗಿ ಎರಡು ವರ್ಷ ತುಂಬಿದ ಗಂಡು ಹೆಣ್ಣಿನ ಜೋಡಿಗೆ ಮಾತ್ರ ಅವಕಾಶ ಉಳಿಸಿತು. ವ್ಯವಹಾರ ನಿಲ್ಲಲಿಲ್ಲ, ಗಡಿ ದಾಟಿತು. ನೇಪಾಳದಲ್ಲಿ ವಿದೇಶಿಯರಿಗಾಗಿ ಬಸಿರು ಹೊರಲು ಭಾರತದ ಹೆಂಗಸರೇ ಹೋದರು. 2015ರ ಏಪ್ರಿಲ್ 25ರ ಭೂಕಂಪದ ಮೇಲೆ ಇಸ್ರೇಲಿನ ವಿಮಾನಗಳು ಕಾಠ್ಮಂಡುವಿನಿಂದ ಇಪ್ಪತ್ತಕ್ಕೂ ಹೆಚ್ಚು ಹಸುಗೂಸುಗಳನ್ನು ಹೊತ್ತು ಹಾರಿದವು. ಕಂಬಳಿ ಸುತ್ತಿದ ಆ ಕೂಸುಗಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಹೆತ್ತ ಹೆಂಗಸರಿಗೆ ಮಾತ್ರ ಆ ವಿಮಾನಗಳಲ್ಲಿ ಜಾಗವಿರಲಿಲ್ಲ. ಅದೇ ವರ್ಷ ನೇಪಾಳವೂ ಭಾರತವೂ ವಿದೇಶಿಯರಿಗೆ ಬಾಗಿಲು ಹಾಕಿದವು.

ಈಗ ನಮ್ಮಲ್ಲಿರುವ 2021ರ ಕಾಯ್ದೆ ಪರೋಪಕಾರದ ತಾಯ್ತನವನ್ನಷ್ಟೇ ಒಪ್ಪುತ್ತದೆ: ವೈದ್ಯಕೀಯ ಖರ್ಚು, 36 ತಿಂಗಳ ವಿಮೆ, ಜೀವಮಾನದಲ್ಲಿ ಒಂದೇ ಸಲ. ಬಾಡಿಗೆಯಿಲ್ಲದ ಬಾಡಿಗೆ ತಾಯಿ! ವೈದ್ಯರಿಗೆ ಶುಲ್ಕವಿದೆ, ಪ್ರಯೋಗಾಲಯಕ್ಕೆ ಬಿಲ್ಲಿದೆ, ವಕೀಲರಿಗೆ ಫೀಸಿದೆ. ಒಂಬತ್ತು ತಿಂಗಳು ಹೊತ್ತವಳೊಬ್ಬಳೇ ಪುಕ್ಕಟೆ ತ್ಯಾಗಮಯಿ ಆಗಬೇಕು.

ಕಾಂಬೋಡಿಯಾದ ನಡೆ ಇನ್ನೂ ವಿಚಿತ್ರ. 2016ರಲ್ಲಿ ನಿಷೇಧ ಹೇರಿದ ಆ ದೇಶದ ಪೊಲೀಸರು 2018ರಲ್ಲಿ ಚೀನಾದ ಗಿರಾಕಿಗಳಿಗಾಗಿ ಗರ್ಭ ಹೊತ್ತಿದ್ದ ಮೂವತ್ತಕ್ಕೂ ಹೆಚ್ಚು ಬಸುರಿಯರನ್ನು ಹಿಡಿದು, ಮಾನವ ಕಳ್ಳಸಾಗಣೆಯ ಆರೋಪ ಹೊರಿಸಿದರು. ಡಿಸೆಂಬರಿನಲ್ಲಿ ಬಿಡುಗಡೆಯಾಯಿತು, ಒಂದು ಷರತ್ತಿನ ಮೇಲೆ: ತಾವು ಹೆತ್ತ, ತಮ್ಮ ಅಂಡಾಣುವಿನದಲ್ಲದ ಮಗುವನ್ನು ಹದಿನೆಂಟು ವರ್ಷ ತುಂಬುವವರೆಗೆ ತಾವೇ ಸಾಕಬೇಕು. ಹಣಕ್ಕಾಗಿ ಮಗು ಹೆತ್ತುಕೊಡಲು ಹೊರಟಿದ್ದವರಿಗೆ ನ್ಯಾಯಾಲಯ ತಾಯ್ತನವನ್ನೇ ಜಾಮೀನಿನ ಷರತ್ತಾಗಿ ಕೊಟ್ಟಿತು. ಆ ಮಕ್ಕಳು ಹದಿನೆಂಟು ದಾಟುವುದು 2036ರ ಆಸುಪಾಸಿನಲ್ಲಿ.